ಘಟ್ಟದ ಕೆಳಗಣ ಮಿಶನ್ ಶಾಲೆ

ಬೆಂಗಳೂರಿನ ಪಡುವಣ ದಿಕ್ಕಿನಲ್ಲಿ, ಮಾಗಡಿಯ ರಸ್ತೆಗೆ ಸಮೀಪವಾಗಿ, ಹೊಸಹಳ್ಳಿಯೆಂಬ ಊರೊಂದುಂಟು. ಊರೆಂದು ನಾವು ಹೇಳುವುದು ಹಳೆಯ ರೂಢಿಯಿಂದ. ಈಗ ಅದು ವಿಜಯನಗರದ ಬಡಾವಣೆಗಳೊಳಗೆ ಕರಗಿಹೋಗಿ, ಹಳ್ಳಿಯೆಂಬ ಹೆಸರನ್ನು ಮಾತ್ರ ಉಳಿಸಿಕೊಂಡಿದೆ. 2015ನೆಯ ಇಸವಿಯಿಂದ ಮೆಟ್ರೋ ರೈಲು ಊರಿನ ನೆತ್ತಿಯ ಮೇಲೆಯೇ ಹಾದುಹೋಗುತ್ತಿದೆ. ನಿಲ್ದಾಣಕ್ಕೆ ಶ್ರೀ ಬಾಲಗಂಗಾಧರನಾಥ ಸ್ವಾಮೀಜಿಯವರ ಹೆಸರನ್ನು ಇಟ್ಟಿರುವರು. ಜನರು ಮಾತ್ರ ಹೊಸಹಳ್ಳಿಯೆಂದೇ ಕರೆಯುವರು. ಇಲ್ಲಿ ನೆಲಸಿ ನಮಗೆ ಮೂವತ್ತು ವರುಷಗಳಾದವು.

ಕಳೆದ ಮಾಘಮಾಸದಲ್ಲಿ ನಮ್ಮ ಮನೆಯಲ್ಲಿ ಒಂದು ಚರ್ಚೆ ನಡೆಯುತ್ತಿದ್ದಿತು. ನಮ್ಮೊಡನೆ ವಾಸವಾಗಿರುವ ಮಗಳ ಹಿರಿಯ ಹುಡುಗನು ಏಳನೆಯ ತರಗತಿಯನ್ನು ಮುಗಿಸುವವನಿದ್ದನು. ಮುಂದೆ ಯಾವ ಹೈಸ್ಕೂಲು? ಮಗಳ ಮನಸ್ಸು ಹತ್ತಿರದಲ್ಲಿಯೇ ಇರುವ ಹಳೆಯ ಶಾಲೆಯೊಂದರ ಕಡೆಗೆ ಇದ್ದಿತು. ಅಲ್ಲಿಯ ಉಪಾಧ್ಯಾಯರು ಶ್ರದ್ಧಾವಂತರು, ಶುಲ್ಕವೂ ಮಿತವಾದದ್ದು. ಆದರೆ ಅಲ್ಲಿಗೆ ಬರುವವರಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಹೆಂಗಸರ ಮಕ್ಕಳು, ಗಾರೆಕೆಲಸದವರ ಮಕ್ಕಳು, ಆಟೋ ಓಡಿಸುವವರ ಮಕ್ಕಳೇ ಹೆಚ್ಚು. "ಓದು ಹೇಗಾದರೂ ಆದೀತು, ಸಹವಾಸ ಮುಖ್ಯ. ಅಲ್ಲಿ ಎಂಥೆಂಥವರ ಮಕ್ಕಳೋ!" ಎಂದು ಮನೆಯ ಹಿರಿಯರೊಬ್ಬರು ಅಂದುಬಿಟ್ಟರು. ಹಾಗೆ ಅಂದವರು ಮತ್ತಾರೂ ಅಲ್ಲ, ನಾವೇ ಎಂಬುದನ್ನು ವಾಚಕರ ಮುಂದೆ ಒಪ್ಪಿಕೊಳ್ಳಲೇಬೇಕು.

ಆ ಸಂಜೆ ಎದುರುಮನೆಯ ರಾಯರು ನಮ್ಮಲ್ಲಿಗೆ ಬಂದು ಕುಳಿತಿದ್ದರು. ಅವರು ದಕ್ಷಿಣ ಕನ್ನಡದವರು. ಬ್ಯಾಂಕಿನ ಕೆಲಸದಿಂದ ನಿವೃತ್ತರಾಗಿ ಬಹು ಕಾಲವಾಯಿತು. ವಯಸ್ಸು ಎಂಬತ್ತೆಂಟರ ಸಮೀಪ. ಕಿವಿ ಮಂದ, ನೆನಪು ಮಾತ್ರ ಚುರುಕು. ನಮ್ಮ ಮಾತು ಅವರ ಕಿವಿಗೆ ಬಿದ್ದಿತೋ ಇಲ್ಲವೋ ತಿಳಿಯಲಿಲ್ಲ. ಕಾಫಿಯ ಲೋಟವನ್ನು ಕೆಳಗಿಟ್ಟು, "ನೀವು ಮದುವೆಗೆಂದು ಮಂಗಳೂರಿಗೆ ಹೊರಟವರಲ್ಲವೇ? ಹಾಗೆಯೇ ಅಲ್ಲಿನ ಮಿಶನ್ ಶಾಲೆಯನ್ನೂ ಒಮ್ಮೆ ನೋಡಿ ಬನ್ನಿ ಮಾರಾಯರೇ. ನಾನು ಓದಿದ್ದು ಅಂಥದೇ ಒಂದು ಶಾಲೆಯಲ್ಲಿ" ಎಂದರು. ಅನಂತರ ಒಂದು ಗಂಟೆಯ ಹೊತ್ತು ತಮ್ಮ ಶಾಲೆಯ ಕಥೆಯನ್ನು ಹೇಳಿದರು. ಅದನ್ನು ನಾವು ನಮ್ಮ ಮಾತಿನಲ್ಲಿ ಸಂಗ್ರಹಿಸಿ ಕೊಡುವೆವು.

1948ನೆಯ ಇಸವಿಯಲ್ಲಿ, ದಕ್ಷಿಣ ಕನ್ನಡವು ಇನ್ನೂ ಮದರಾಸು ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, ಕರಾವಳಿಯ ಒಂದು ಊರಿನ ಮಿಶನ್ ಹೈಸ್ಕೂಲಿಗೆ ರಾಯರನ್ನು ಸೇರಿಸಿದರು. ಆಗ ತರಗತಿಗಳಿಗೆ ಫಾರಂ ಎಂದು ಹೆಸರು. ಒಂದನೆಯ ಫಾರಮಿನಿಂದ ಹತ್ತಿ ಆರನೆಯ ಫಾರಮಿನ ಕೊನೆಗೆ ಎಸ್.ಎಸ್.ಎಲ್.ಸಿ. ಪರೀಕ್ಷೆ. ಮನೆಯಿಂದ ಶಾಲೆಗೆ ಎರಡು ಮೈಲು. ಬೆಳಗ್ಗೆ ಗಂಜಿ, ಉಪ್ಪಿನಕಾಯಿ ಉಂಡು, ಮಧ್ಯಾಹ್ನಕ್ಕೆ ಬುತ್ತಿ ಕಟ್ಟಿಸಿಕೊಂಡು, ಗದ್ದೆಯ ಬದುವಿನ ಮೇಲೆ ನಡೆದು, ತೋಡಿಗೆ ಹಾಕಿದ ಸಂಕವನ್ನು ದಾಟಿ ಹೋಗಬೇಕು. ಮಳೆಗಾಲದಲ್ಲಿ ಓಲೆಕೊಡೆ ಹಿಡಿದರೂ ಪುಸ್ತಕ ನೆನೆಯದಂತೆ ಅಂಗಿಯ ಒಳಗೆ ಇಟ್ಟುಕೊಳ್ಳಬೇಕು.

ಶಾಲೆಯ ಗಂಟೆಯೆಂದರೆ ತೂಗುಹಾಕಿದ ರೈಲುಹಳಿಯ ಒಂದು ತುಂಡು. ಅದನ್ನು ಬಡಿದೊಡನೆ ಎಲ್ಲರೂ ದೊಡ್ಡ ಕೊಠಡಿಯಲ್ಲಿ ಸೇರುವರು. ಕನ್ನಡದಲ್ಲಿ ಒಂದು ಕೀರ್ತನೆ, ಒಂದು ಪ್ರಾರ್ಥನೆ. ಕ್ರೈಸ್ತರಲ್ಲದ ಹುಡುಗರು ಸುಮ್ಮನೆ ನಿಂತಿರಬಹುದಾಗಿತ್ತು. ಆದರೆ ರಾಗ ಚೆನ್ನಾಗಿದ್ದುದರಿಂದ ಬಹುಮಂದಿ ತಾವೂ ದನಿಗೂಡಿಸುತ್ತಿದ್ದರಂತೆ. ಕ್ರೈಸ್ತ ಮಕ್ಕಳಿಗೆ ಸತ್ಯವೇದದ ಪಾಠವಾಗುವಾಗ ಉಳಿದವರಿಗೆ ನೀತಿಪಾಠ. ತರುವಾಯ ಇಂಗ್ಲಿಷು, ಗಣಿತ, ಚರಿತ್ರೆ, ಭೂಗೋಲ, ವಿಜ್ಞಾನ. ಕನ್ನಡದ ಪಂಡಿತರು ಮಾತ್ರ ಪುಸ್ತಕವನ್ನು ತೆರೆಯದೆ ಪದ್ಯಗಳನ್ನು ಬಾಯಲ್ಲಿಯೇ ಹೇಳಿ, ಪ್ರತಿಪದಾರ್ಥ ಮಾಡಿಸಿ, ಮರುದಿನ ಒಪ್ಪಿಸಬೇಕೆಂದು ಕಟ್ಟುಮಾಡುವರು. ಆಷಾಢದ ಮಳೆ ಹೆಂಚಿನ ಮಾಡಿನ ಮೇಲೆ ಬಿದ್ದಾಗ ಮಾಸ್ಟ್ರ ಮಾತು ಮೊದಲನೆಯ ಸಾಲಿಗೂ ಕೇಳಿಸದು. ಆಗ ಅವರು ಸುಮ್ಮನೆ ಕರಿಹಲಗೆಯ ಮೇಲೆ ಬರೆಯುತ್ತಾ ಹೋಗುವರು. ಹುಡುಗರು ಬರೆದುಕೊಳ್ಳುತ್ತಾ ಹೋಗುವರು. ಸಂಜೆ ಡ್ರಿಲ್ಲು, ಚೆಂಡಾಟ.

ಮನೆಗೆ ಬಂದ ಮೇಲೆ ಇನ್ನೊಂದು ಪಾಠವಿದ್ದಿತು. ಶಾಲೆಯ ಅಂಗಿಯನ್ನು ಜಗಲಿಯ ಗೂಟಕ್ಕೆ ಹಾಕಿ, ಬಾವಿಯ ಕಟ್ಟೆಯಲ್ಲಿ ಮಿಂದು, ಮನೆಯ ಪಂಚೆಯನ್ನು ಉಟ್ಟ ಹೊರತು ಒಳಗೆ ಕಾಲಿಡುವಂತಿಲ್ಲ. ಶಾಲೆಯಲ್ಲಿ ಒಂದೇ ಉದ್ದದ ಬೆಂಚಿನ ಮೇಲೆ ಎಲ್ಲ ಜಾತಿಯ ಹುಡುಗರೂ ಕುಳಿತುಕೊಳ್ಳುತ್ತಿದ್ದುದೇ ಇದಕ್ಕೆ ಕಾರಣ. "ನನ್ನ ಪಕ್ಕದಲ್ಲಿ ಒಬ್ಬ ಕೂರುತ್ತಿದ್ದ" ಎಂದು ರಾಯರು ಹೇಳಿ, ಅಲ್ಲಿಗೇ ನಿಲ್ಲಿಸಿದರು. "ಉಳಿದದ್ದನ್ನು ನೀವು ಬಂದ ಮೇಲೆ ಹೇಳುತ್ತೇನೆ" ಎಂದು ಕೋಲನ್ನು ಊರಿಕೊಂಡು ಎದ್ದರು.

ನಾವೂ ನಮ್ಮ ಮನೆಯವರೂ ಹೊರಟ ದಿನ ಹೊಸಹಳ್ಳಿಯ ನಿಲ್ದಾಣದಲ್ಲಿ ಮೆಟ್ರೋ ಹತ್ತಿ, ಮಾಗಡಿ ರಸ್ತೆಯ ನಿಲ್ದಾಣವನ್ನು ಕಳೆದು, ದೊಡ್ಡ ರೈಲು ನಿಲ್ದಾಣದಲ್ಲಿ ಇಳಿದೆವು. ಅಲ್ಲಿಂದ ರಾತ್ರಿಯ ಗಾಡಿ. ಸಕಲೇಶಪುರವನ್ನು ದಾಟಿ ಘಟ್ಟವಿಳಿಯುವಾಗ ಹೊರಗೆ ಕಗ್ಗತ್ತಲೆ. ಸುರಂಗದೊಳಗೆ ಹೊಕ್ಕಾಗ ಗಾಡಿಯ ಸದ್ದು ಹೆಚ್ಚುವುದು, ಹೊರಬಂದಾಗ ತಗ್ಗುವುದು. ಅದರಿಂದಲೇ ದಾರಿಯನ್ನು ಊಹಿಸಿಕೊಳ್ಳಬೇಕಾಯಿತು. ಬೆಳಗಾದಾಗ ಬೆಂಗಳೂರಿನ ಚಳಿಯೆಲ್ಲ ಹೋಗಿ, ಮೈಗೆ ಅಂಟುವ ಸೆಕೆ, ತೆಂಗಿನ ತೋಟ, ಕೆಂಪು ಹೆಂಚಿನ ಮಾಡುಗಳು. ಮಂಗಳೂರು ಬಂದಿತು.

ಮದುವೆಯ ಮರುದಿನ ರಥಬೀದಿಗೆ ಹೋದೆವು. ಈ ಬೀದಿಯು ಶ್ರೀ ವೆಂಕಟರಮಣ ದೇವಸ್ಥಾನದ ತೇರಿನಿಂದ ಹೆಸರಾದುದು. ಹೂವಿನ ಅಂಗಡಿಗಳು, ಬಂಗಾರದ ಅಂಗಡಿಗಳು, ಸದಾ ಜನಸಂದಣಿ. ಇದೇ ಬೀದಿಯಲ್ಲಿಯೇ ಬಾಸೆಲ್ ಇವ್ಯಾಂಜೆಲಿಕಲ್ ಮಿಶನ್ನಿನ ಹೈಸ್ಕೂಲು ಇರುವುದು. ಊರವರು ಅದನ್ನು ಬಿ.ಇ.ಎಂ. ಎಂದು ಮೂರೇ ಅಕ್ಷರಗಳಿಂದ ಕರೆಯುವರು. ಇದರ ಹುಟ್ಟು 1838ನೆಯ ಇಸವಿಯದು. ಮಂಗಳೂರಿನ ಅತಿ ಹಳೆಯ ಶಾಲೆಗಳ ಸಾಲಿನಲ್ಲಿ ಮೊದಲಿಗೆ ನಿಲ್ಲುವಂಥದು. ನಾವು ಹೋದ ಹೊತ್ತಿಗೆ ಶಾಲೆಗೆ ಮಕ್ಕಳು ಬರುತ್ತಿದ್ದರು. ಹಣೆಗೆ ಕುಂಕುಮವಿಟ್ಟ ಹುಡುಗಿಯರು, ತಲೆಗೆ ವಸ್ತ್ರ ಸುತ್ತಿದ ಹುಡುಗಿಯರು, ಕೊರಳಲ್ಲಿ ಶಿಲುಬೆಯ ಸರ ಹಾಕಿದವರು, ಎಲ್ಲರೂ ಬೆನ್ನಿಗೆ ಒಂದೇ ಬಗೆಯ ಭಾರವನ್ನು ಹೊತ್ತು ನಡೆದರು. ಬಾಯಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ. ತೇರಿನ ಬೀದಿಯಲ್ಲಿ ಪಾದ್ರಿಗಳ ಶಾಲೆ ಹೇಗೆ ನಿಂತಿತು, ನಿಂತು ಹೇಗೆ ಉಳಿಯಿತು ಎಂದು ನಮಗೆ ಆಶ್ಚರ್ಯವಾಯಿತು.

ಅದಕ್ಕೆ ಸ್ವಲ್ಪ ಹಿಂದಿನ ಕಥೆ ಬೇಕು. ಜರ್ಮನಿಯಲ್ಲಿ ಮಾರ್ಟಿನ್ ಲೂಥರನೆಂಬ ಸನ್ಯಾಸಿಯು 1517ನೆಯ ಇಸವಿಯಲ್ಲಿ ರೋಮಿನ ಸಭೆಯ ಆಚರಣೆಗಳನ್ನು ಪ್ರಶ್ನಿಸಿ ನಿಂತನು. ಸತ್ಯವೇದವನ್ನು ಪ್ರತಿಯೊಬ್ಬನೂ ತನ್ನ ತಾಯ್ನುಡಿಯಲ್ಲಿಯೇ ಓದಬೇಕೆಂದು ಅದನ್ನು ಜರ್ಮನ್ ಭಾಷೆಗೆ ತಿರುಗಿಸಿದನು. ಓದಬೇಕಾದರೆ ಅಕ್ಷರ ಬೇಕಷ್ಟೆ. ಆದಕಾರಣ 1524ರಲ್ಲಿ ಜರ್ಮನಿಯ ಪಟ್ಟಣಗಳ ಅಧಿಕಾರಿಗಳಿಗೆ ಒಂದು ಪತ್ರವನ್ನು ಬರೆದು, ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಶಾಲೆಗಳನ್ನು ತೆರೆಯಿರೆಂದು ಒತ್ತಾಯಪಡಿಸಿದನು. 1529ರಲ್ಲಿ ಒಂದು ಚಿಕ್ಕ ಪ್ರಶ್ನೋತ್ತರಮಾಲೆಯನ್ನು ರಚಿಸಿ, ಮನೆಯ ಯಜಮಾನನೇ ಅದನ್ನು ತನ್ನ ಮನೆಯವರಿಗೆ ಕಲಿಸಬೇಕೆಂದನು. ಹೀಗೆ ಲೂಥರನ ಸಭೆ ಹೋದ ಕಡೆಯಲ್ಲೆಲ್ಲ ಶಾಲೆಯೂ ತಾಯ್ನುಡಿಯ ಪುಸ್ತಕವೂ ಅದರ ಬೆನ್ನಿಗೆ ಹೋದವು.

ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಹುಟ್ಟಿದ ಮಿಶನ್ ಸಂಸ್ಥೆಯು ಲೂಥರನ ಸಭೆಯವರನ್ನೂ ಅದರ ಸೋದರ ಸಭೆಯಾದ ರಿಫಾರ್ಮ್ಡ್ ಪಂಥದವರನ್ನೂ ಕೂಡಿಸಿಕೊಂಡುದು. ಅಲ್ಲಿಂದ ಹೊರಟವರಲ್ಲಿ ಅನೇಕರು ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಲೂಥರನ ಮತದವರು. ಈಸ್ಟ್ ಇಂಡಿಯಾ ಕಂಪೆನಿಯ ಸನದು 1833ರಲ್ಲಿ ನವೀಕರಣವಾದಾಗ ಬ್ರಿಟಿಷರಲ್ಲದ ಮಿಶನರಿಗಳಿಗೂ ಇಂಡಿಯಾದ ಬಾಗಿಲು ತೆರೆಯಿತು. ಮರುವರ್ಷವೇ ಹೇಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. 1836ರಲ್ಲಿ ಹರ್ಮನ್ ಮೋಗ್ಲಿಂಗ್ ಬಂದನು. ಇವನೇ ಈ ನಾಡಿನ ಶಾಲೆಗಳಿಗೂ ಪತ್ರಿಕೆಗಳಿಗೂ ಮೂಲಪುರುಷನೆನ್ನಿಸಿಕೊಂಡವನು.

ಬಂದವರ ಉದ್ದೇಶವು ಮತಪ್ರಚಾರ. ಅದನ್ನು ಅವರು ಮುಚ್ಚಿಟ್ಟವರಲ್ಲ. ಆದರೆ ಊರಿನ ಗೃಹಸ್ಥರಿಗೆ ಬೇಕಾದದ್ದು ಬೇರೆ. ಕಚೇರಿಗಳಲ್ಲಿ ಇಂಗ್ಲಿಷು ತಿಳಿದವನಿಗೆ ಕೆಲಸವಿದ್ದಿತು. ಆ ಇಂಗ್ಲಿಷು ಸಿಕ್ಕುವ ಸ್ಥಳ ಮಿಶನ್ ಶಾಲೆ. ಹೀಗೆ ಒಬ್ಬರು ಒಂದನ್ನು ಕೊಡಬೇಕೆಂದು, ಮತ್ತೊಬ್ಬರು ಮತ್ತೊಂದನ್ನು ಪಡೆಯಬೇಕೆಂದು ಒಂದೇ ಬಾಗಿಲಿನಲ್ಲಿ ಸಂಧಿಸಿದರು. ಇಂಥ ಒಪ್ಪಂದವು ಎಷ್ಟು ದಿನ ನಡೆದೀತು?

1844ನೆಯ ಇಸವಿಯ ಆರಂಭದಲ್ಲಿ ಅದು ಮುರಿದುಬಿದ್ದಿತು. ಶಾಲೆಯಲ್ಲಿ ಓದುತ್ತಿದ್ದ ಆನಂದರಾಯ ಕೌಂಡಿನ್ಯನೆಂಬ ಸಾರಸ್ವತ ತರುಣನೂ, ಅವನೊಡನೆ ಭಗವಂತರಾಯ, ಮುಕುಂದರಾಯರೆಂಬ ಇಬ್ಬರೂ ಕ್ರೈಸ್ತಮತವನ್ನು ಸ್ವೀಕರಿಸಿದರು. ಊರಿಗೆ ಊರೇ ಕದಡಿತು. ಹಲವರು ಮಕ್ಕಳನ್ನು ಶಾಲೆಯಿಂದ ಬಿಡಿಸಿಕೊಂಡರು. ಆ ತರುಣರು ತಮ್ಮ ಮನಸ್ಸಿಗೆ ಸರಿಕಂಡದ್ದನ್ನು ಮಾಡಿದರೆಂಬುದು ದಿಟ. ಆದರೆ ಮಗನನ್ನು ಶಾಲೆಗೆ ಕಳುಹಿಸಿ ಮಗನನ್ನೇ ಕಳೆದುಕೊಂಡೆನೆಂದು ಕುಳಿತ ತಾಯಿಯ ದುಃಖವೂ ಅಷ್ಟೇ ದಿಟ. ಅಕ್ಷರಕ್ಕೆ ತೆತ್ತ ಈ ಬೆಲೆಯನ್ನು ಆ ಕಡೆಯ ಮನೆಗಳು ತಲೆಮಾರುಗಳವರೆಗೆ ಮರೆಯಲಿಲ್ಲ. ರಾಯರ ಮನೆಯ ಬಾವಿಕಟ್ಟೆಯ ಸ್ನಾನದಲ್ಲಿ ಮಡಿಯ ಜೊತೆಗೆ ಈ ಹಳೆಯ ಹೆದರಿಕೆಯೂ ಕೊಂಚ ಬೆರೆತಿದ್ದಿತೆಂದು ನಮಗೆ ತೋರುವುದು. ಕೌಂಡಿನ್ಯನು ಮೋಗ್ಲಿಂಗನೊಡನೆ 1846ರಲ್ಲಿ ಯೂರೋಪಿಗೆ ಹೋಗಿ, ಬಾಸೆಲಿನಲ್ಲಿ ವ್ಯಾಸಂಗ ಮಾಡಿ, ದೀಕ್ಷೆ ಪಡೆದು ಹಿಂದಿರುಗಿದನು, ಮಂಗಳೂರಿನಲ್ಲಿ ಅಧ್ಯಾಪಕನಾದನು. ಕೊಡಗಿನಲ್ಲಿ ದಲಿತ ಕುಟುಂಬಗಳಿಗಾಗಿ ಆನಂದಪುರವೆಂಬ ಹಳ್ಳಿ ಹುಟ್ಟಿದುದು ಮೋಗ್ಲಿಂಗನದೂ ಇವನದೂ ಶ್ರಮದಿಂದ.

ಅಂದಿನ ಸಂಜೆ ಬಲ್ಮಠದ ಗುಡ್ಡಕ್ಕೆ ಹೋದೆವು. ಮಿಶನ್ನಿನ ಸೆಮಿನರಿ, ಪ್ರಾರ್ಥನಾಮಂದಿರ, ಮುದ್ರಣಾಲಯಗಳು ಬೆಳೆದ ಸ್ಥಳವಿದು. ಈಗ ಅಲ್ಲಿ ಕರ್ನಾಟಕ ಥಿಯೊಲಾಜಿಕಲ್ ಕಾಲೇಜು ಇರುವುದು; ಮಿಶನ್ನಿನ ಹಳೆಯ ಕಾಗದಪತ್ರಗಳನ್ನು ಅಲ್ಲಿ ಕಾಪಾಡಿಕೊಂಡು ಬಂದಿರುವರು. 1841ರಲ್ಲಿ ಮಂಗಳೂರಿನಲ್ಲಿ ಮಿಶನ್ನಿನ ಕಲ್ಲಚ್ಚಿನ ಯಂತ್ರ ಕೂತಿತು. 1843ನೆಯ ಇಸವಿ ಜುಲೈ 1ನೆಯ ತಾರೀಖು ಮೋಗ್ಲಿಂಗನು 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದನು. ಕನ್ನಡದ ಮೊದಲ ಪತ್ರಿಕೆ ಅದೇ. ಆ ದಿನವನ್ನು ಇಂದಿಗೂ ನಾವು ಪತ್ರಿಕಾದಿನವೆಂದು ಆಚರಿಸುವೆವು.

ಕಲಿಸಲು ಬಂದವರು ಮೊದಲು ತಾವು ಕಲಿಯಬೇಕಾಯಿತು. ಇದೇ ಈ ಶಾಲೆಗಳ ವಿಶೇಷವೆಂದು ನಮಗೆ ಕಂಡಿತು. ತಾಯ್ನುಡಿಯಲ್ಲಿಯೇ ಬೋಧಿಸಬೇಕೆಂಬುದು ಅವರ ಗುರುವಿನ ಕಟ್ಟಳೆ; ಇಲ್ಲಿ ಬಂದಾಗ ಆ ತಾಯ್ನುಡಿ ಕನ್ನಡವಾಯಿತು, ತುಳುವಾಯಿತು. ಪಂಡಿತರ ಮನೆಬಾಗಿಲಿಗೆ ಹೋಗಿ ಓಲೆಗರಿಗಳನ್ನು ಕೇಳಿದರು. ಜೈಮಿನಿ ಭಾರತ, ದಾಸರ ಪದಗಳು, ಗಾದೆಗಳು ಅವರ ಕಲ್ಲಚ್ಚಿನಲ್ಲಿ ಅಚ್ಚಾದವು. 1853ರಲ್ಲಿ ಬಂದ ಫರ್ಡಿನಂಡ್ ಕಿಟ್ಟೆಲರು ಶಾಲೆಯ ಮಕ್ಕಳಿಗೆ ಪುಸ್ತಕಗಳನ್ನು ಬರೆದರು. ಕೇಶಿರಾಜನ ಶಬ್ದಮಣಿದರ್ಪಣವನ್ನೂ ನಾಗವರ್ಮನ ಛಂದಸ್ಸಿನ ಗ್ರಂಥವನ್ನೂ ಸಂಪಾದಿಸಿದರು. ಕೊನೆಗೆ 1894ರಲ್ಲಿ ಸುಮಾರು 70,000 ಶಬ್ದಗಳ ಕನ್ನಡ ಇಂಗ್ಲಿಷ್ ಕೋಶವನ್ನು ಮಂಗಳೂರಿನ ಮಿಶನ್ ಮುದ್ರಣಾಲಯದಿಂದ ಹೊರತಂದರು. ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯಲ್ಲಿ ಅವರ ಪ್ರತಿಮೆಯನ್ನು ವಾಚಕರು ನೋಡಿರಬಹುದು. ರಾಯರ ಪಂಡಿತರು ಬಾಯಿಪಾಠ ಮಾಡಿಸುತ್ತಿದ್ದ ಎಳೆಯರ ಪದ್ಯಗಳ ಮಟ್ಟಿಗೂ ಈ ಅಚ್ಚುಕೂಟದ ಋಣವುಂಟು. ಪಂಜೆ ಮಂಗೇಶರಾಯರು (1874–1937) ಶಾಲೆಗಳಿಗಾಗಿ ಸಿದ್ಧಪಡಿಸಿದ ಪದ್ಯಪುಸ್ತಕಗಳನ್ನು ಅಚ್ಚುಹಾಕಿದವರು ಇವರೇ.

ಶಾಲೆಯ ಜೊತೆಗೆ ಕೈಕೆಲಸವೂ ಬೆಳೆಯಿತು. ಮತಾಂತರಗೊಂಡು ಜಾತಿಯಿಂದಲೂ ಜೀವನೋಪಾಯದಿಂದಲೂ ಹೊರಬಿದ್ದವರಿಗೆ ಕೆಲಸ ಬೇಕಾಗಿದ್ದಿತು. ನೇಯ್ಗೆ, ಪುಸ್ತಕದ ರಟ್ಟು ಕಟ್ಟುವುದು, ಅಚ್ಚಿನ ಕೆಲಸಗಳನ್ನು ಕಲಿಸಿದರು. 1865ರಲ್ಲಿ ಪ್ಲೆಬ್ಸ್ಟ್ ಎಂಬವನು ಹೆಂಚಿನ ಕಾರ್ಖಾನೆಯನ್ನು ತೆರೆದನು. ನೇತ್ರಾವತಿಯ ದಡದ ಜೇಡಿಮಣ್ಣು ಮಂಗಳೂರು ಹೆಂಚಾಗಿ ದೇಶದೇಶಗಳಿಗೆ ಹೋಯಿತು. ಅದೇ ಹೆಂಚು ಬೆಂಗಳೂರಿನ ಹಳೆಯ ಮನೆಗಳ ಮೇಲೂ ಕೂತಿತು. ಕಾರ್ಖಾನೆಯ ಕೂಲಿಯವನ ಮಗನೂ ಕಚೇರಿಯ ಗುಮಾಸ್ತನ ಮಗನೂ ಒಂದೇ ಶಾಲೆಗೆ ಬರುವ ದಾರಿ ಹೀಗೆ ಆಯಿತು.

ಒಂದೇ ಬೆಂಚೆಂಬುದು ಆ ಕಾಲಕ್ಕೆ ಎಷ್ಟು ದೊಡ್ಡ ಮಾತೆಂಬುದನ್ನು ತಿಳಿಯಬೇಕಾದರೆ ನಮ್ಮ ಧಾರವಾಡದ ಒಂದು ಪ್ರಸಂಗವನ್ನು ನೆನೆಯಬೇಕು. 1856ನೆಯ ಇಸವಿಯ ಜೂನ್ ತಿಂಗಳಲ್ಲಿ ಅಲ್ಲಿನ ಒಬ್ಬ ಮಹಾರ ಹುಡುಗನು, ಸರಕಾರಿ ಶಾಲೆಯಲ್ಲಿ ತನ್ನನ್ನು ಸೇರಿಸಿಕೊಳ್ಳಲಿಲ್ಲವೆಂದು ಮುಂಬಯಿ ಸರಕಾರಕ್ಕೆ ಅರ್ಜಿ ಕೊಟ್ಟನು. ಅವನ ಪಕ್ಷದಲ್ಲಿ ನ್ಯಾಯವಿದೆಯೆಂದು ಸರಕಾರವು ಒಪ್ಪಿತು. ಒಪ್ಪಿಯೂ, ಇವನೊಬ್ಬನನ್ನು ಸೇರಿಸಿಕೊಂಡರೆ ಉಳಿದವರೆಲ್ಲ ಶಾಲೆಯನ್ನು ಬಿಡುವರೆಂದು ಹೇಳಿ ಕೈಬಿಟ್ಟಿತು. ವಿಷಯವು ಗವರ್ನರ್ ಜನರಲ್ಲರವರೆಗೂ ಲಂಡನ್ನಿನ ಡೈರೆಕ್ಟರುಗಳವರೆಗೂ ಹೋಯಿತು. ಸರಕಾರದ ಶಾಲೆಗಳು ಎಲ್ಲ ಜಾತಿಯವರಿಗೂ ತೆರೆದಿರಬೇಕೆಂದು 1858ರಲ್ಲಿ ಅಲ್ಲಿಂದ ಅಪ್ಪಣೆಯಾಯಿತು. ಕಾಗದದ ಮೇಲಿನ ಅಪ್ಪಣೆ ಬೆಂಚಿನ ಮೇಲಕ್ಕೆ ಬರಲು ಬಹು ಕಾಲ ಹಿಡಿಯಿತು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು, ತಾವು ಸಾರಸ್ವತರಾಗಿದ್ದೂ, ದಲಿತ ಮಕ್ಕಳ ಶಾಲೆಗಾಗಿ ಬಂಧುಬಳಗದ ಬಹಿಷ್ಕಾರವನ್ನು ತಲೆಯ ಮೇಲೆ ಹೊತ್ತರು. 1897ರಲ್ಲಿ ಅದಕ್ಕಾಗಿ ಒಂದು ಸಂಸ್ಥೆಯನ್ನೇ ಕಟ್ಟಿದರು. ಆದಕಾರಣ ಬೆಂಚಿನ ಕೀರ್ತಿ ಒಬ್ಬ ಮತದವರಿಗೇ ಸಲ್ಲತಕ್ಕದ್ದಲ್ಲ. ಆದರೆ ಮೊದಲು ಬೆಂಚನ್ನು ಹಾಕಿದವರ ಸಾಲಿನಲ್ಲಿ ಮಿಶನ್ನಿನವರೂ ಇದ್ದರು.

1914ರ ಮಹಾಯುದ್ಧ ಬಂದಾಗ ಜರ್ಮನ್ ಪಾದ್ರಿಗಳು ಶತ್ರುದೇಶದವರೆಂದು ಎಣಿಸಲ್ಪಟ್ಟು, ಶಾಲೆಗಳನ್ನೂ ಕಾರ್ಖಾನೆಗಳನ್ನೂ ಬಿಟ್ಟುಹೋಗಬೇಕಾಯಿತು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟೆಂಬ ಕಂಪೆನಿಯ ಕೈಸೇರಿದವು. ಶಾಲೆಗಳು ಮುಚ್ಚಿಹೋಗಲಿಲ್ಲ. ಇಲ್ಲಿಯ ಮಾಸ್ಟ್ರುಗಳು, ಇಲ್ಲಿಯ ಪಂಡಿತರು ಗಂಟೆ ಬಾರಿಸುವುದನ್ನು ನಿಲ್ಲಿಸಲಿಲ್ಲ. ಶಾಲೆಯು ಆ ಹೊತ್ತಿಗೆ ಊರಿನದಾಗಿದ್ದಿತು. ಇಂದು ಮಂಗಳೂರಿನ ಈ ಸಭೆಗಳು ದಕ್ಷಿಣ ಭಾರತ ಸಭೆಯಲ್ಲಿ ಸೇರಿಹೋಗಿವೆ. ಲೂಥರನ ಹೆಸರನ್ನು ಅಲ್ಲಿ ಬೀದಿಯವರಾರೂ ಎತ್ತುವುದಿಲ್ಲ. ಉಳಿದುದು ಶಾಲೆ.

ಊರಿಗೆ ಹಿಂದಿರುಗಿದ ಮರುದಿನವೇ ರಾಯರ ಮನೆಗೆ ಹೋದೆವು. ಕಂಡದ್ದನ್ನೆಲ್ಲ ಹೇಳಿದೆವು. ಅವರು ಕೇಳಿ, ಒಳಗಿನಿಂದ ಒಂದು ಹಳೆಯ ತಗಡಿನ ಪೆಟ್ಟಿಗೆಯನ್ನು ತರಿಸಿ, ಅದರೊಳಗಿನಿಂದ ಒಂದು ನೋಟುಪುಸ್ತಕವನ್ನು ತೆಗೆದು ನಮ್ಮ ಕೈಗೆ ಕೊಟ್ಟರು. ಹಾಳೆಗಳು ಕಂದಾಗಿದ್ದವು. ಅಕ್ಷರ ಮುತ್ತಿನಂತಿದ್ದಿತು. ರೇಖಾಗಣಿತದ ಪ್ರಮೇಯಗಳು, ಒಂದೊಂದಕ್ಕೂ ಅಳೆದು ಎಳೆದ ಆಕೃತಿಗಳು. ಆದರೆ ಮೊದಲ ಕೆಲವು ಹಾಳೆಗಳಲ್ಲಿ ನೀಲಿಯ ಶಾಯಿ ಹರಡಿ ಮೋಡಗಟ್ಟಿದಂತೆ ಆಗಿದ್ದಿತು.

"ಇದು ನನ್ನ ಅಕ್ಷರ ಅಲ್ಲ" ಎಂದರು ರಾಯರು. "ನನ್ನ ಪಕ್ಕದಲ್ಲಿ ಕೂರುತ್ತಿದ್ದವನದ್ದು. ಅವನ ಅಪ್ಪ ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊರುವವ. ಅವನಿಗೆ ಪುಸ್ತಕ ಇರಲಿಲ್ಲ, ನನಗೆ ಲೆಕ್ಕ ಬರುತ್ತಿರಲಿಲ್ಲ. ಇಬ್ಬರಿಗೂ ಒಂದೇ ಪುಸ್ತಕ, ಒಂದೇ ತಲೆ."

ನಾಲ್ಕನೆಯ ಫಾರಮಿನಲ್ಲಿ ರಾಯರಿಗೆ ವಿಷಮಜ್ವರ ಬಂದು ಒಂದು ತಿಂಗಳು ಹಾಸಿಗೆ ಹಿಡಿದರಂತೆ. ಆ ಹುಡುಗನು ಶಾಲೆಯಲ್ಲಿ ಆದ ಪಾಠಗಳನ್ನೆಲ್ಲ ಬೇರೊಂದು ಪುಸ್ತಕದಲ್ಲಿ ಬರೆದು, ಮೂರು ಮೈಲು ನಡೆದು ಅದನ್ನು ಮನೆಗೆ ತಂದನು. ಅಂಗಳದ ಆಚೆಯ ಕಲ್ಲಿನ ಮೆಟ್ಟಿಲಿನ ಹತ್ತಿರ ಅವನನ್ನು ನಿಲ್ಲಿಸಿದರು. ಪುಸ್ತಕವನ್ನು ಕಲ್ಲಿನ ಮೇಲೆ ಇಡಹೇಳಿದರು. ಅಜ್ಜಿಯು ಚೆಂಬಿನಿಂದ ಅದರ ಮೇಲೆ ನೀರನ್ನು ಚಿಮುಕಿಸಿ, ಆಮೇಲೆ ಎತ್ತಿಕೊಂಡರು. ಅವನು ನೋಡುತ್ತಿದ್ದಂತೆಯೇ ಶಾಯಿ ಹರಡಿತು.

"ನಾನು ಚಾವಡಿಯ ಕಿಟಕಿಯಿಂದ ನೋಡುತ್ತಾ ಇದ್ದೆ. ಕರೆಯಲಿಲ್ಲ. ಏಳಲಿಕ್ಕೆ ಆಗದಷ್ಟು ಜ್ವರ ಆಗ ಇರಲಿಲ್ಲ. ಅವನು ಒಂದು ಮಾತೂ ಆಡದೆ ಮಳೆಯಲ್ಲಿ ತಿರುಗಿ ಹೋದ. ಶಾಲೆಗೆ ಹೋದ ಮೇಲೆ ಮೊದಲಿನ ಹಾಗೆಯೇ ಪಕ್ಕದಲ್ಲಿ ಕೂತ, ಮೊದಲಿನ ಹಾಗೆಯೇ ಲೆಕ್ಕ ಹೇಳಿಕೊಟ್ಟ. ನಮ್ಮ ಮನೆಯ ಕಡೆಗೆ ಮಾತ್ರ ಮತ್ತೆ ಬರಲಿಲ್ಲ. ಪರೀಕ್ಷೆ ಆಯಿತು, ನಾನು ಕಾಲೇಜಿಗೆ ಹೋದೆ, ಅವನು ಎಲ್ಲಿಗೆ ಹೋದನೋ. ಎಪ್ಪತ್ತು ವರ್ಷ ದಾಟಿತು ಮಾರಾಯರೇ. ಅವನ ಹತ್ತಿರ ಒಂದು ಮಾತು ಹೇಳಲಿಕ್ಕೆ ಉಂಟು. ಹೇಳಲಿಕ್ಕೆ ಆಗಲಿಲ್ಲ."

ನಾವು ಪುಸ್ತಕವನ್ನು ಹಿಂದಕ್ಕೆ ಕೊಟ್ಟೆವು. ಅವರು ಅದನ್ನು ಪೆಟ್ಟಿಗೆಯಲ್ಲಿಟ್ಟು, ನಮ್ಮ ಮುಖವನ್ನು ನೋಡದೆಯೇ ಅಂದರು: "ಆ ದಿನ ನಿಮ್ಮ ಮನೆಯಲ್ಲಿ ಎಂಥೆಂಥವರ ಮಕ್ಕಳೋ ಎಂದು ನೀವು ಹೇಳಿದಿರಲ್ಲ, ನನಗೆ ನಮ್ಮ ಅಜ್ಜಿಯ ಸ್ವರವೇ ಕೇಳಿದ ಹಾಗೆ ಆಯಿತು."

ಅವರ ಕಿವಿ ನಾವೆಣಿಸಿದಷ್ಟು ಮಂದವಾಗಿರಲಿಲ್ಲ.

ಮನೆಗೆ ಬಂದು ನಾವು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡೆವು. ಹೇಳುವುದು ಸುಲಭ, ನಾಲಗೆಯ ಮೇಲಿನ ಮಾತು ಹೋದರೂ ಮನಸ್ಸಿನೊಳಗಿನದು ಹೋಗಲು ದಿನ ಬೇಕು. ಶಾಲೆಯನ್ನು ಆರಿಸುವಾಗ ನಾವು ಗೃಹಸ್ಥರು ಕಟ್ಟಡವನ್ನು ನೋಡುವೆವು, ಫಲಿತಾಂಶವನ್ನು ಕೇಳುವೆವು. ಪಕ್ಕದಲ್ಲಿ ಯಾರು ಕುಳಿತುಕೊಳ್ಳುವರೆಂದು ಕೇಳುವಾಗ ಮಾತ್ರ ನಮ್ಮ ಕೈಯಲ್ಲಿ ಆ ನೀರಿನ ಚೆಂಬು ಇದೆಯೋ ಇಲ್ಲವೋ ನೋಡಿಕೊಳ್ಳುವುದು ಒಳ್ಳೆಯದು. ಹುಡುಗನಿಗೆ ಶಾಲೆಯಲ್ಲಿ ದೊರೆತ ಪಾಠವನ್ನು ಮನೆಯೇ ತೊಳೆದುಹಾಕಬಲ್ಲುದು.

ಜೂನ್ ತಿಂಗಳಲ್ಲಿ ಮೊಮ್ಮಗನು ಮಗಳು ಆರಿಸಿದ ಆ ಹತ್ತಿರದ ಶಾಲೆಗೇ ಸೇರಿದನು. ಒಂದು ತಿಂಗಳಾದ ಮೇಲೆ, ಮಳೆ ಬರುತ್ತಿದ್ದ ಒಂದು ಸಂಜೆ, ತನ್ನ ಬೆಂಚಿನ ಗೆಳೆಯನನ್ನು ಕರೆದುಕೊಂಡು ಬಂದನು. ಹುಡುಗನು ಬಾಗಿಲಲ್ಲಿ ನಿಂತು, ಒದ್ದೆಯಾದ ಚೀಲವನ್ನು ಎಲ್ಲಿಡಲೆಂದು ಅತ್ತಿತ್ತ ನೋಡಿದನು. "ಒಳಗೆ ಬಾಪ್ಪಾ, ಪುಸ್ತಕ ನೆನೆದೀತು" ಎಂದು ನಮ್ಮ ಮನೆಯವರು ಅವನ ಕೈಯಿಂದ ಚೀಲವನ್ನು ತೆಗೆದುಕೊಂಡು, ಸೆರಗಿನಿಂದ ಒರಸಿ, ಮೇಜಿನ ಮೇಲೆ ಇಟ್ಟರು. ಇಬ್ಬರಿಗೂ ಬಿಸಿಯಾದ ಉಪ್ಪಿಟ್ಟನ್ನು ಒಂದೇ ಬಗೆಯ ತಟ್ಟೆಗಳಲ್ಲಿ ತಂದುಕೊಟ್ಟರು. ಎದುರುಮನೆಯ ಕಿಟಕಿಯಲ್ಲಿ ರಾಯರು ಕುಳಿತಿದ್ದರು. ಈ ಕಡೆಗೆ ನೋಡುತ್ತಿದ್ದರೋ, ಮಳೆಯನ್ನು ನೋಡುತ್ತಿದ್ದರೋ, ನಮಗೆ ತಿಳಿಯಲಿಲ್ಲ.